ಜಗ್ಗದವ್ವನ ಓಣಿ

ಹೊನ್ನಕುಣಿಯ ಮೂಡಣ ದಿಕ್ಕಿನಲ್ಲಿ ಊರು ಮುಗಿಯಿತು ಎನ್ನುವಲ್ಲಿಂದ ಒಂದು ಓಣಿ ಶುರುವಾಗುತ್ತದೆ. ಅದರ ಎರಡೂ ಬದಿಗೆ ಹಳೆಯ ಚಿನ್ನದ ಗಣಿಯ ಕುಣಿಗಳಿವೆ. ಯಾರ ಕಾಲದಲ್ಲಿ ಅಗೆದವೋ ಹೇಳಬಲ್ಲವರಿಲ್ಲ. ಕೆಲವು ಕುಣಿಗಳ ಬಾಯಿಗೆ ಕಳ್ಳಿ ಬೆಳೆದು ಮುಚ್ಚಿದೆ, ಕೆಲವಕ್ಕೆ ಪಂಚಾಯಿತಿಯವರು ಮುಳ್ಳುತಂತಿ ಸುತ್ತಿದ್ದಾರೆ. ಅವುಗಳ ನಡುವೆ ಒಂದಷ್ಟು ಕಲ್ಲಿನ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಇದು ಜಗ್ಗದವ್ವನ ಓಣಿ. ಹೊರಗಿನಿಂದ ಬಂದವರು ಅವ್ವನ ಗುಡಿ ಎಲ್ಲಿದೆ ಎಂದು ಕೇಳುವುದುಂಟು. ಗುಡಿ ಇಲ್ಲ. ಜಗ್ಗದವ್ವ ದೇವತೆಯಲ್ಲ; ಮನೆ ಕೊಂಡ ಹೆಂಗಸು.

ಅವಳ ನಿಜವಾದ ಹೆಸರು ನಿಂಬೆವ್ವ. ಬೀಸುವ ಕಲ್ಲುಗಳ ಸವೆದ ಮೈಯನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಿಕೊಡುತ್ತ, ಕತ್ತೆಗಳ ಮೇಲೆ ಸಂಸಾರ ಹೇರಿಕೊಂಡು ಊರೂರು ತಿರುಗುವ ಕುಲದವಳು. ಆ ಕುಲದಲ್ಲಿ ಅಲ್ಲಿಯವರೆಗೆ ಯಾರೂ ಮನೆ ಎಂಬುದನ್ನು ಕೊಂಡಿರಲಿಲ್ಲ. ಹಿಂದೆ ಒಮ್ಮೆ, ಮಳೆ ಹಿಡಿದ ಶ್ರಾವಣದಲ್ಲಿ, ಅವಳ ಅತ್ತೆ ಯಾವುದೋ ಊರಿನ ಹುಣಸೆಮರದ ಕೆಳಗೆ ಪ್ರಾಣ ಬಿಟ್ಟಳಂತೆ. ಹೆಣವನ್ನು ನೆನೆಯದಂತೆ ಇರಿಸಲು ಒಂದು ಕಟ್ಟೆಯ ಮೂಲೆ ಕೊಡಿ ಎಂದು ನಿಂಬೆವ್ವ ಬಾಗಿಲು ಬಾಗಿಲಿಗೆ ಹೋಗಿ ಕೇಳಿದಳು. ಒಂದು ಬಾಗಿಲೂ ತೆರೆಯಲಿಲ್ಲ. ಮುಂದೆ ಮಗಳು ರಾಯವ್ವ ಬಸುರಿಯಾದಾಗ ನಿಂಬೆವ್ವ ತನ್ನ ಗಂಡ ಹುಲುಗಪ್ಪನಿಗೆ, ನಮ್ಮ ಕೂಸು ಬಯಲಾಗ ಹುಟ್ಟೂದು ಬ್ಯಾಡ ಎಂದಳು. ಮೈಮೇಲಿದ್ದ ಬೆಳ್ಳಿಯನ್ನೆಲ್ಲ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ಹೊನ್ನಕುಣಿಗೆ ಬಂದಳು.

ಊರೊಳಗೆ ಅವಳಿಗೆ ಮನೆ ಮಾರುವವರಿರಲಿಲ್ಲ. ಊರ ಗೌಡ ಮಾತ್ರ ಒಪ್ಪಿದ. ಗಣಿಯ ಮಗ್ಗುಲಿಗೆ ಅವನದೊಂದು ಪಾಳು ಮನೆ ಇತ್ತು. ಅದರ ಅಂಗಳದಲ್ಲಿ ಕಾಲು ಊರಿದರೆ ನೆಲ ಬರಿದಾದ ಮಡಿಕೆಯಂತೆ ಸದ್ದು ಮಾಡುತ್ತಿತ್ತು ಎನ್ನುತ್ತಾರೆ. ಇದು ಊರಿಗೆಲ್ಲ ಗೊತ್ತಿತ್ತು, ಆದರೂ ಒಬ್ಬರೂ ಬಾಯಿ ಬಿಡಲಿಲ್ಲ. ನಿಂಬೆವ್ವನಿಗೋ ಮನೆ ಕೊಳ್ಳುವಾಗ ಏನೇನು ನೋಡಬೇಕು ಎಂಬುದೇ ತಿಳಿಯದು. ಗೋಡೆ ತಟ್ಟಿ ನೋಡಿದಳು, ಒಲೆಯ ಜಾಗ ನೋಡಿದಳು, ಬಾಗಿಲನ್ನು ಒಳಗಿನಿಂದ ಹಾಕಿ, ತೆಗೆದು, ಮತ್ತೆ ಹಾಕಿದಳು. ಅಷ್ಟು ಸಾಕಾಯಿತು. ಪಂಚರ ಮುಂದೆ ವೀಳ್ಯ ಬದಲಾಯಿಸಿ ಮನೆ ಅವಳದಾಯಿತು.

ಮೊದಲ ದೊಡ್ಡ ಮಳೆಗೇ ಅಂಗಳ ಕುಸಿಯಿತು. ಕಟ್ಟಿದ್ದ ಮೇಕೆ ಗೂಟದ ಸಮೇತ ಇಳಿದುಹೋಯಿತು. ರಾಯವ್ವನಿಗೆ ಆಗ ದಿನ ತುಂಬಿತ್ತು. ಬೆಳಗಾಗುತ್ತಲೇ ಊರು ನೋಡಲು ನೆರೆಯಿತು, ಗೌಡನೂ ಬಂದ. ಮರುಕ ತೋರಿಸುವವನಂತೆ, ಕೊಟ್ಟದ್ದರಲ್ಲಿ ಒಂದಿಷ್ಟು ಮರಳಿಸುತ್ತೇನೆ, ನಿಮ್ಮ ದಾರಿ ಹಿಡಿಯಿರಿ ಎಂದ. ನಿಂಬೆವ್ವ ಹೊಸ್ತಿಲ ಮೇಲಿಂದ ಏಳಲೇ ಇಲ್ಲ. "ನುಂಗಿದ್ರ ನನ್ನ ನೆಲಾನ ನನ್ನ ನುಂಗಲಿ. ಮಂದಿ ಮನಿ ಮುಂದ ನಿಂತು ಇನ್ನೊಮ್ಮಿ ಕೈ ಒಡ್ಡಾಂಗಿಲ್ಲ" ಎಂದಳು. ಗೌಡ ನೆರೆದವರತ್ತ ತಿರುಗಿ ನಕ್ಕ: "ನೆಲಾನ ಜಗ್ಗೇತಿ, ಈಕಿ ಮಾತ್ರ ಜಗ್ಗವಲ್ಲಳು!" ಹೆಸರು ಹುಟ್ಟಿದ್ದು ಆ ಕುಚೋದ್ಯದಿಂದ.

ನಗು ನಿಲ್ಲುವ ಮೊದಲೇ ಅವಳು ಕತ್ತೆಯ ಹಗ್ಗವನ್ನು ನಡುವಿಗೆ ಬಿಗಿದು, ಪಂಜು ಹಿಡಿದು, ಗಂಡನ ಕೈಗೆ ಹಗ್ಗದ ತುದಿ ಕೊಟ್ಟು ಗುಂಡಿಯೊಳಗೆ ಇಳಿದಳು. ಬಹಳ ಹೊತ್ತು ಸದ್ದಿರಲಿಲ್ಲ. ಹುಲುಗಪ್ಪ ಹೆಸರು ಹಿಡಿದು ಕೂಗಿ ಕೂಗಿ ದನಿ ಕಳೆದುಕೊಂಡ. ಕಡೆಗೆ ಅವಳು ಮೈಯೆಲ್ಲ ಕೆಂಪು ಕೆಸರಾಗಿ ಮೇಲೆ ಬಂದು ನೇರ ಗೌಡನ ಮುಂದೆ ನಿಂತಳು. "ಗೌಡ್ರ, ಒಳಗ ಗವಿ ಐತಿ. ನನ್ನ ಮನಿಗೆ ಮುಗಿಯಂಗಿಲ್ಲ, ಊರ ಕಡೆ ಹೊಂಟೇತಿ. ಅದರಾಗ ನಡಕೋತ ಹೋದೆ. ತಲಿ ಮ್ಯಾಲ ಒನಕಿ ಕುಟ್ಟೂ ಸಪ್ಪಳ ಕೇಳಿಸ್ತು. ಇವತ್ತ ಯಾರ ಮನ್ಯಾಗ ಭತ್ತ ಕುಟ್ಟಾಕತ್ತಾರ?"

ಅಂದು ಭತ್ತ ಕುಟ್ಟುತ್ತಿದ್ದದ್ದು ಗೌಡನ ವಾಡೆಯಲ್ಲಿ. ನೆರೆದವರು ತಿರುಗಿ ವಾಡೆಯತ್ತ ನೋಡಿದರು. "ಊರು ಬಿಡೂದಾದ್ರ ಎಲ್ಲಾರೂ ಕೂಡೇ ಬಿಡೋಣು. ಇಲ್ಲಾ, ಕಲ್ಲು ಹೊರಾಕ ಬುಟ್ಟಿ ತರ್ರಿ" ಎಂದು ನಿಂಬೆವ್ವ ಒಳಗೆ ಹೋಗಿ ಮಗಳಿಗೆ ಗಂಜಿ ಕಾಸಿದಳು.

ಆ ದಿನ ಯಾರೂ ಬುಟ್ಟಿ ತರಲಿಲ್ಲ. ಗಂಡಹೆಂಡಿರಿಬ್ಬರೇ ಗಣಿಯವರು ಬಿಟ್ಟುಹೋದ ಕಲ್ಲುಗುಡ್ಡೆಯಿಂದ ಕತ್ತೆಗಳ ಮೇಲೆ ಕಲ್ಲು ಹೇರಿ ತಂದು, ಗವಿಯಲ್ಲಿ ಮೇಲಿನ ನೆಲಕ್ಕೆ ಆಸರೆಯಾಗಿ ಕಂಬ ಎಬ್ಬಿಸತೊಡಗಿದರು. ಮೊದಲು ಬಂದವಳು ಗಾಣದ ಮನೆಯ ಈರಮ್ಮ. ತನಗೂ ಗೊತ್ತಿದ್ದು ಸುಮ್ಮನಿದ್ದೆ ಎಂಬ ನಾಚಿಕೆಯಿಂದಲೋ, ತನ್ನ ಗಾಣದ ಕೆಳಗೂ ಗವಿ ಇದ್ದೀತೆಂಬ ಅಂಜಿಕೆಯಿಂದಲೋ ತಿಳಿಯದು. ಅವಳ ಹಿಂದೆ ಓಣಿ ಓಣಿಯೇ ಬಂತು. ಕಂಬ ಅರ್ಧ ಏರಿದಾಗ ರಾಯವ್ವನಿಗೆ ಬೇನೆ ಶುರುವಾಯಿತು. ಸೂಲಗಿತ್ತಿ ಹೊಸ್ತಿಲಾಚೆ ನಿಂತು ಒಳಗೆ ಕಾಲಿಡಲು ಹಿಂಜರಿದಳು. ನೆಲದಡಿಯಿಂದ ಕಲ್ಲು ಕೂರಿಸುವ ಸದ್ದು ಒಂದೇ ಸಮನೆ ಕೇಳಿಬರುತ್ತಿತ್ತು. ಕೆಳಗೆ ಅಷ್ಟು ಜನ ನಿಂತಿರುವಾಗ ಮೇಲೆ ತನಗೇನು ಎಂದುಕೊಂಡಳೋ ಏನೋ, ಸೀರೆ ಎತ್ತಿ ಕಟ್ಟಿ ಒಳಗೆ ನಡೆದಳು. ಹೆಣ್ಣುಕೂಸು ಹುಟ್ಟಿತು. ಗೌಡ ಒಂದು ಕಲ್ಲನ್ನೂ ಎತ್ತಲಿಲ್ಲ. ವಾಡೆಯ ಮೂಲೆ ಬಿರುಕು ಬಿಟ್ಟ ಮೇಲೆ ಸಂಸಾರ ಸಮೇತ ತೋಟದ ಮನೆ ಸೇರಿದ. ಇದೆಲ್ಲ ಭೂತಾಯಿಯ ಕೃಪೆ ಎಂದು ಕೆಲವರು ಹಾಡು ಕಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಭೂತಾಯಿ ಬಾಯಿ ತೆರೆದಿದ್ದಳು, ಮುಚ್ಚಿಸಿದವಳು ನಿಂಬೆವ್ವ.

ಇಂದಿಗೂ ಆ ಮನೆಯ ಅಂಗಳದಲ್ಲಿ ಒಂದು ತಗ್ಗು ಇದೆ. ಪಕ್ಕದ ಕಿಂಡಿಯಿಂದ ಬಗ್ಗಿ ನೋಡಿದರೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಕಂಬಗಳು ಕತ್ತಲಲ್ಲಿ ಸಾಲಾಗಿ ಕಾಣುತ್ತವೆ. ಮೊದಲ ಸಲ ಮನೆ ಕೊಳ್ಳುವವರು ಸುತ್ತಲ ಊರುಗಳಿಂದ ಬಂದು ಇಲ್ಲಿ ಒಂದು ಕಲ್ಲು ಇಟ್ಟು ಹೋಗುವ ರೂಢಿ ಬೆಳೆದಿದೆ. ಮನೆಯಲ್ಲಿ ಈಗಿರುವ ಮುದುಕಿ ಅದೇ ವಂಶದವಳು, ಮಾತು ಕಡಿಮೆ. ಕಿಂಡಿಯಿಂದ ತಲೆಯೆತ್ತಿದ ಪೇಟೆಯವರು, ಇಂಥ ಕಡೆ ಮಲಗಲು ಅಂಜಿಕೆಯಾಗುವುದಿಲ್ಲವೇ ಎಂದು ಕೇಳಿದರೆ ಅಕ್ಕಿ ಆರಿಸುತ್ತಲೇ ಹೇಳುತ್ತಾಳೆ: "ಅಂಜಿದವರು ಮಾರಿ ಹೋದ್ರು. ನಾವು ಕೊಂಡವರು."