ಕೆಂಪಾಗಿಯೇ ಉಳಿದ ತುಕ್ಕು

ಮಲಪ್ರಭೆಯ ದಡದ ಮಠಕ್ಕೆ ಕಲ್ಲಿನಾಥ ಬಂದು ವರ್ಷವಾಗಿತ್ತು. ಹಿಂದೆ ಕಲ್ಲಿದ್ದಲನ್ನು ಅನಿಲ ಮಾಡಿ ವಿದ್ಯುತ್ ತೆಗೆಯುವ ಸ್ಥಾವರದಲ್ಲಿ ಕೆಲಸಕ್ಕಿದ್ದವನು. ಮಠದ ಹಿತ್ತಲಲ್ಲೂ ಅಂಥದ್ದೇ ಒಂದು ಪುಟ್ಟ ಭಟ್ಟಿ ಕಟ್ಟಿ, ಅದರ ಅನಿಲವನ್ನು ದಾಸೋಹದ ಒಲೆಗೆ ತಂದಿದ್ದ.

ಅವನಿಗೆ ಬೇಕಾಗಿದ್ದದ್ದು ದೀಕ್ಷೆ. ಒಂದು ದಿನ ಮಠದ ಗುರುಗಳಾದ ಅಜ್ಜಾರ ಎದುರು ಕೈಕಟ್ಟಿ ನಿಂತು ಕೇಳಿಯೇಬಿಟ್ಟ.

“ಅಜ್ಜಾರ, ನನ್ನೊಳಗ ಈಗ ಸಿಟ್ಟು ಅನ್ನೂದ ಉಳದಿಲ್ರಿ. ನೀವು ಎಷ್ಟ ಬೈದ್ರೂ ಮನಸ್ಸು ಅಲ್ಲಾಡೂದಿಲ್ಲ. ದೀಕ್ಷಾ ಕೊಡ್ರಿ.”

ಅಜ್ಜಾರು ಯಾರ ಮಾತನ್ನೂ ಸುಲಭಕ್ಕೆ ನಂಬುವವರಲ್ಲ. ಹಾಲು ತಂದವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವವರು. ಈಗ ಇವನ ಮುಖವನ್ನು ಹಾಗೆಯೇ ನೋಡಿದರು.

“ಮೊದಲ ನಿನ್ನ ಒಲಿ ತೋರ್ಸು,” ಎಂದರು.

ಒಲೆಯ ಉರಿ ಮೊಳದೆತ್ತರ ಏಳುತ್ತಿತ್ತು. ಅಡುಗೆಯ ನೀಲವ್ವ ಸೆರಗನ್ನು ಮೂಗಿಗೆ ಹಿಡಿದು ಕೆಮ್ಮುತ್ತಿದ್ದಳು.

“ಈ ಒಲಿ ಬಂದಾಗಿಂದ ಎದಿ ಉರೀತೈತ್ರಿ ಅಜ್ಜಾರ,” ಎಂದಳು.

“ನಿನಗೇನ ತಿಳೀತೈತಿ? ಸುಮ್ನ ಹೊರಗ ನಡಿ!” ಎಂದು ಕಲ್ಲಿನಾಥ ಗದರಿದ. ಪಾಪ, ಅವಳು ಕೆಮ್ಮುತ್ತಲೇ ಎದ್ದು ಹೋದಳು.

ಗುರುಗಳ ಕಡೆ ತಿರುಗುವಷ್ಟರಲ್ಲಿ ಅವನ ದನಿ ಬೆಣ್ಣೆಯಾಗಿತ್ತು. “ಆಕಿಗೆ ಕಟಗಿ ಒಲಿ ರೂಢಿ ರೀ. ನಮ್ಮ ಅನಿಲ ಸ್ವಚ್ಛ ಐತಿ. ನೀರಾಗ ತೊಳೀತೀನಿ. ಅದರಾಗಿನ ಕೆಮ್ಮು ತರೂ ಗಂಧಕ ಹಿಡಿಯಾಕ ತುಕ್ಕಿನ ಪುಡಿ ತುಂಬಿದ ಪೆಟ್ಟಿಗಿ ಇಟ್ಟೀನಿ. ಗಂಧಕ ಹಿಡದ್ರ ತುಕ್ಕು ಕಪ್ಪಾಕ್ಕೈತಿ.”

“ಪೆಟ್ಟಿಗಿ ತೆಗಿ.”

ತೆಗೆದ. ತುಂಬಿದ ದಿನದಷ್ಟೇ ಕೆಂಪಗಿತ್ತು ತುಕ್ಕು.

“ನೋಡ್ರಿ, ಇಷ್ಟ ದಿನ ಆದ್ರೂ ಒಂದ ಕಲೆ ಬಿದ್ದಿಲ್ಲ!”

“ಅದಕ್ಕ ನನಗ ಸಂಶೆ,” ಎಂದರು ಅಜ್ಜಾರು. “ಚಾ ಸೋಸಿದ ಅರಿವಿ ಬೆಳ್ಳಗ ಉಳದ್ರ, ಚಾಪುಡಿ ಯಾರ ಬಾಯಾಗ ಹೋತೋ ತಮ್ಮಾ?”

ಅವರು ಪೈಪಿನ ಗುಂಟ ಕೈಯಾಡಿಸುತ್ತ ನಡೆದರು. ಪೆಟ್ಟಿಗೆಯ ಹಿಂದೆ, ಗೋಣಿಚೀಲದ ಕೆಳಗೆ ಇನ್ನೊಂದು ಪೈಪು ಸಿಕ್ಕಿತು. ಅದು ಪೆಟ್ಟಿಗೆಯನ್ನು ಮುಟ್ಟದೆ ನೇರ ಒಲೆಗೆ ಹೋಗುತ್ತಿತ್ತು. ಅದರ ತಿರುಪು ಪೂರ್ತಿ ತೆರೆದಿತ್ತು.

“ಇದೇನು?”

ಕಲ್ಲಿನಾಥನ ಮುಖ ಸಪ್ಪಗಾಯಿತು. “ಬಗಲ ಪೈಪು ರೀ. ಪೆಟ್ಟಿಗಿ ದಾಟಿ ಬಂದ್ರ ಉರಿ ಸಣ್ಣಾಕ್ಕೈತಿ. ನಿಮ್ಮ ಕಣ್ಣಿಗೆ ದೊಡ್ಡದ ಕಾಣ್ಲಿ ಅಂತ...”

ಅಜ್ಜಾರು ತಿರುಪು ಮುಚ್ಚಿದರು. ಉರಿ ಗೇಣಿಗಿಳಿಯಿತು. ಅವರು ಅಲ್ಲಿಂದ ಹೊರಟುಹೋದರು.

ಕೆಲವು ದಿನ ಕಳೆದು ಕಲ್ಲಿನಾಥ ನದಿಯ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಾರ ಬಳಿಗೆ ಬಂದ. ಅಂಗೈ ತುಂಬ ಒದ್ದೆಯಾದ ಕಪ್ಪು ಪುಡಿ. ನೀಲವ್ವನ ಕೆಮ್ಮೂ ಇಳಿದಿತ್ತು.

“ತುಕ್ಕು ಗಂಧಕ ಹಿಡದೈತ್ರಿ ಅಜ್ಜಾರ. ತಪ್ಪು ತಿದ್ದೀನಿ. ಇನ್ನರ ದೀಕ್ಷಾ ಕೊಡ್ರಿ. ನನ್ನ ಸಿಟ್ಟಂತೂ ಹೋಗಿ ವರ್ಷಾತು. ನಿಮ್ಮ ಮುಂದ ಒಂದಿನಾನೂ ದನಿ ಏರ್ಸಿಲ್ಲ.”

ಅಜ್ಜಾರು ಅವನನ್ನು ಮತ್ತೆ ಅದೇ ಅನುಮಾನದ ಕಣ್ಣಿನಿಂದ ನೋಡಿದರು.

“ಆ ಸಿಟ್ಟಿನ ಬಗಲ ಪೈಪು ಎಲ್ಲಿ ತೆರದೈತಿ ಅಂತ ನೀಲವ್ವನ್ನ ಕೇಳಿ ಬಾ.”