ಮಾಡದೆ ಉಳಿದ ಹಸಿರು ಕಾರು

ತುಂಗಭದ್ರೆಯ ದಡದಲ್ಲಿ ಮೋನಪ್ಪಾಚಾರ್ಯರ ಕುಲುಮೆ. ಅಲ್ಲಿ ಗಂಟೆ, ದೀಪ, ದೇವರ ಮೂರ್ತಿ ಎರಕವಾಗುತ್ತಿದ್ದವು. ಕಲಿಯಬೇಕೆಂದು ಬಂದವರಿಗೆ ಆಚಾರ್ಯರು ಇಲ್ಲ ಅನ್ನುತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟು ಹೊರಟವರನ್ನು ತಡೆಯುತ್ತಲೂ ಇರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಪಂಪಾವತಿ ಬಂದಳು. ಗಂಗಾವತಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಟೀಚರು. ವಯಸ್ಸು ನಲವತ್ತನಾಲ್ಕು.

"ಏನು ಎರೆಯೋದು ಕಲಿಯಬೇಕು ತಾಯಿ?" ಎಂದು ಆಚಾರ್ಯರು ಕೇಳಿದರು.

"ಕಾರು."

ಆಚಾರ್ಯರು ನಗಲಿಲ್ಲ. "ಎಷ್ಟು ದೊಡ್ಡದು?"

ಪಂಪಾವತಿ ಅಂಗೈ ಚಾಚಿ ತೋರಿಸಿದಳು.

ಚೀಲದಿಂದ ಒಂದು ಫೋಟೋ ತೆಗೆದಳು. ಹಳೆಯ ಸಿನಿಮಾ ಪತ್ರಿಕೆಯಿಂದ ಕತ್ತರಿಸಿದ ಹಾಳೆ. ಘಾಟಿಯ ರಸ್ತೆಯಲ್ಲಿ ಹಸಿರು ಕಾರೊಂದು ಒಂದು ಬದಿಗೆ ವಾಲಿ ತಿರುಗುತ್ತಿತ್ತು. ಅದರ ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ತಗಡಿನ ಗರುಡ.

"'ಘಾಟಿಯ ಗರುಡ' ಅಂತ ಸಿನಿಮಾ. ಕಾರು ಓಡಿಸ್ತಾ ಇರೋದು ನಮ್ಮಪ್ಪ, ಹಂಪಣ್ಣ. ಹೀರೊ ಮುಖ ಆಮೇಲೆ ಹತ್ತಿರದಿಂದ ತೆಗೀತಿದ್ರಂತೆ."

"ಆ ಸಿನಿಮಾ ನಾನು ನೋಡಿಲ್ಲ."

"ಯಾರೂ ನೋಡಿಲ್ಲ ಗುರುಗಳೇ. ಈ ಫೋಟೋ ತೆಗೆದ ಮಾರನೇ ದಿನ ಕಾರು ಕಣಿವೆಗೆ ಬಿತ್ತು. ಅಪ್ಪ ಉಳಿಯಲಿಲ್ಲ. ಸಿನಿಮಾನೂ ಅಲ್ಲಿಗೇ ನಿಂತಿತು."

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

ಆಗ ಪಂಪಾವತಿಗೆ ಏಳು ವರ್ಷ. ಕೊನೆಯ ಸಲ ಊರಿಗೆ ಬಂದಾಗ ಅಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದ: "ಸಿನಿಮಾ ಬಂದ ಮೇಲೆ ಈ ಕಾರಿನದೇ ಆಟಿಕೆ ಮಾಡ್ತಾರವ್ವ. ಕಬ್ಬಿಣದಂಗೆ ಗಟ್ಟಿ. ಬಾಗಿಲು ತೆಗೆದು ಹಾಕಬಹುದು. ನಿನಗೊಂದು ತಂದುಕೊಡ್ತೀನಿ."

ಅಪ್ಪ ಬರಲಿಲ್ಲ. ಆಟಿಕೆಯೂ ಬರಲಿಲ್ಲ.

ದೊಡ್ಡವಳಾಗಿ ಕೆಲಸಕ್ಕೆ ಸೇರಿದ ಮೇಲೆ ಅವಳು ಅಂಥ ಆಟಿಕೆ ಕಾರುಗಳನ್ನು ಕೂಡಿಡಲು ಶುರುಮಾಡಿದಳು. ಇಂಗ್ಲಿಷ್ ಸಿನಿಮಾದ ಪತ್ತೇದಾರನ ಕಪ್ಪು ಕಾರು, ಟೀವಿ ಧಾರಾವಾಹಿಯ ಪೊಲೀಸ್ ಜೀಪು, ಬೆಂಕಿ ಆರಿಸುವ ಕೆಂಪು ಲಾರಿ. ಗೋಡೆಯ ತುಂಬ ಗಾಜಿನ ಕಪಾಟುಗಳಾದವು. ನಡುವಿನ ಕಪಾಟಿನಲ್ಲಿ ಒಂದು ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಳು.

ಆ ಕಾಲದಲ್ಲಿ ಆಟಿಕೆ ಕಾರು ಮಾಡುತ್ತಿದ್ದ ಕಂಪನಿಗೆ ಹನ್ನೊಂದು ಪತ್ರ ಬರೆದಳು. ಕೊನೆಗೊಂದು ಉತ್ತರ ಬಂತು. ಅಂಥ ಆಟಿಕೆ ಮಾಡುವ ಯೋಚನೆ ತಮಗೆಂದೂ ಇರಲಿಲ್ಲ ಎಂದು ಬರೆದಿದ್ದರು.

ಇಷ್ಟನ್ನೂ ಹೇಳಿ ಪಂಪಾವತಿ ತಲೆ ಎತ್ತಿದಳು. "ಅಪ್ಪ ನನಗೆ ಸುಳ್ಳು ಹೇಳಿದನೇ ಗುರುಗಳೇ?"

"ಮೂಲೇಲಿ ಜರಡಿ ಇದೆ. ಮಣ್ಣು ಜರಡಿ ಹಿಡಿ," ಎಂದರು ಆಚಾರ್ಯರು.

ಅವಳು ಸೆರಗು ಸಿಕ್ಕಿಸಿ ಕೂತಳು.

ಮುಂದೆ ಪ್ರತಿ ಶನಿವಾರ, ಭಾನುವಾರ ಬಂದಳು. ಮಣ್ಣು ಜರಡಿ ಹಿಡಿದಳು. ಇದ್ದಿಲು ಒಡೆದಳು. ಸತು ಕರಗುವಾಗ ಅದರ ಮೇಲೆ ಕಟ್ಟುವ ಕೆನೆಯನ್ನು ಸೌಟಿನಿಂದ ತೆಗೆಯಲು ಕಲಿತಳು. ಬೇಸಿಗೆ ರಜೆ ಪೂರ್ತಿ ಕುಲುಮೆಯಲ್ಲೇ ಕಳೆದಳು.

ಅಚ್ಚು ಕೊರೆಯುವ ದಿನ ಬಂತು. ಕಬ್ಬಿಣದ ಎರಡು ಹೋಳು ಮುಂದಿಟ್ಟುಕೊಂಡು ಪಂಪಾವತಿ ಬೆಳಗಿನಿಂದ ಸಂಜೆವರೆಗೆ ಉಳಿ ಹಿಡಿದಳು. ಏನು ಮಾಡಿದರೂ ಕಾರಿನ ಆಕಾರ ಹಿಡಿಯಲಿಲ್ಲ.

"ಏನು ಕೊರೀತಿದ್ದೀಯ?" ಎಂದು ಆಚಾರ್ಯರು ಕೇಳಿದರು.

"ಕಾರು."

"ಕಾರನ್ನ ಎರಕವೇ ಮಾಡಿಕೊಳ್ಳುತ್ತೆ. ನೀನು ಅದಕ್ಕೆ ಜಾಗ ಮಾಡಿಕೊಡು."

ಅವಳು ಆ ಹೋಳುಗಳನ್ನು ಪಕ್ಕಕ್ಕಿಟ್ಟು, ಹೊಸ ಹೋಳುಗಳಲ್ಲಿ ಟೊಳ್ಳು ಕೊರೆಯಲು ಶುರುಮಾಡಿದಳು.

ಮೂರನೇ ವರ್ಷದ ಮಾಘದಲ್ಲಿ ಕಾರು ಅಚ್ಚಿನಿಂದ ಹೊರಬಂತು. ಬಾಗಿಲು ತೆರೆದು ಮುಚ್ಚುತ್ತಿತ್ತು. ಗರುಡನ ರೆಕ್ಕೆಯಲ್ಲಿ ಗರಿಗಳನ್ನು ಎಣಿಸಬಹುದಿತ್ತು. ಹಸಿರು ಬಣ್ಣ ಒಣಗಿದ ಮೇಲೆ ಆಚಾರ್ಯರು ಅದನ್ನು ಅಂಗೈಯಲ್ಲಿಟ್ಟು ಮುಂದಕ್ಕೂ ಹಿಂದಕ್ಕೂ ಉರುಳಿಸಿದರು.

"ಚಕ್ರ ನಾಲ್ಕೂ ನೆಲ ಮುಟ್ಟುತ್ತಿವೆ," ಎಂದರು. ಅವರು ಅಷ್ಟು ಹೇಳಿದರೆ ಕೆಲಸ ಚೆನ್ನಾಗಿದೆ ಎಂದೇ ಅರ್ಥ.

ಪಂಪಾವತಿ ಅದನ್ನು ಮನೆಗೆ ಒಯ್ಯಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆಚಾರ್ಯರು ಹೊಳೆಯಲ್ಲಿ ಮಿಂದು ಬರುತ್ತಿದ್ದರು. ದಡದ ಕೆಸರಿನಲ್ಲಿ ಮಂಡಿಯೂರಿ ಪಂಪಾವತಿ ಏನನ್ನೋ ಅಗೆದು ತೆಗೆಯುತ್ತಿದ್ದಳು. ಅದೇ ಕಾರು. ಬಣ್ಣ ಮಂಕಾಗಿತ್ತು. ಕೀಲುಗಳಿಗೆ ತುಕ್ಕು ಹಿಡಿದಿತ್ತು.

"ಯಾಕೆ ಹೂತಿದ್ದೆ?"

ಅವಳು ಬೆಚ್ಚಿದಳು. ಆಮೇಲೆ ನಿಜವನ್ನೇ ಹೇಳಿದಳು. "ಹಳೇದಾಗಲಿ ಅಂತ."

"ನಿನಗೆ ಈಗ ವಯಸ್ಸೆಷ್ಟು?"

"ನಲವತ್ತೇಳು."

"ನಿನಗೆ ಅಷ್ಟು ವರ್ಷ ಬೇಕಾಯಿತು. ಅದಕ್ಕೆ ಎರಡೇ ತಿಂಗಳು ಸಾಕಾ?"

ಆಚಾರ್ಯರು ಕಾರನ್ನು ಇಸಿದುಕೊಂಡು ಮಗುಚಿದರು. ತಳದಲ್ಲಿ ಆ ಆಟಿಕೆ ಕಂಪನಿಯ ಹೆಸರಿತ್ತು. ಕೆಳಗೆ, ಅಪ್ಪ ಸತ್ತ ವರ್ಷ. ಅಕ್ಷರಗಳು ಒಂದಿಷ್ಟೂ ಸೊಟ್ಟಗಿರಲಿಲ್ಲ.

"ಇದನ್ನ ಯಾರು ಮಾಡಿದ್ದು?"

"ಅಲ್ಲೇ ಬರೆದಿದೆಯಲ್ಲ ಗುರುಗಳೇ."

"ಹಾಗಾದರೆ ಇದು ನನ್ನ ಕುಲುಮೆಯದಲ್ಲ," ಎಂದು ಆಚಾರ್ಯರು ಕಾರನ್ನು ಅವಳ ಕೈಗೇ ಕೊಟ್ಟು ಒದ್ದೆ ಪಂಚೆ ಹಿಂಡುತ್ತ ನಡೆದರು.

ಅವಳು ಹಿಂದೆಯೇ ಓಡಿಬಂದಳು. "ಭಾನುವಾರ ಒಬ್ಬರು ಬರ್ತಾರೆ, ಮಂಗಳೂರಿನ ಶೆಣೈಯವರು. ಸಿನಿಮಾಕ್ಕೆ, ಟೀವಿಗೆ ಅಂತ ಓಡಿಸಿದ, ಆದರೆ ಆಟಿಕೆಯಾಗದೆ ಉಳಿದ ಕಾರುಗಳ ಪಟ್ಟಿ ಮಾಡ್ತಿದ್ದಾರೆ. ನಲವತ್ತು ವರ್ಷದ ಕೆಲಸ. ಪುಸ್ತಕ ಬರುತ್ತೆ. ಅದರಲ್ಲಿ ಅಪ್ಪನ ಕಾರೂ ಇದೆ, 'ಮಾಡಲೇ ಇಲ್ಲ' ಅಂತ. ಅವರು ಇದನ್ನ ನೋಡಿದರೆ ಆ ಸಾಲು ಹೊಡೆದುಹಾಕ್ತಾರೆ."

"ಹೊಡೆದುಹಾಕಿದರೆ?"

"ಅಪ್ಪ ಹೇಳಿದ್ದು ನಿಜ ಆಗುತ್ತೆ."

ಆಚಾರ್ಯರು ನಿಂತರು. ಅವಳ ಕೈಗೆ ಮೆತ್ತಿದ ಕೆಸರನ್ನು ನೋಡಿದರು. "ಬರಲಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಭಾನುವಾರ ಪ್ರಭಾಕರ ಶೆಣೈ ಬಂದರು. ಎಪ್ಪತ್ತು ದಾಟಿದ ಮನುಷ್ಯ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದರಿಂದ ಕಾಲು ಊದಿತ್ತು. ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಕಾರನ್ನು ಕೈಗೆತ್ತಿಕೊಂಡರು.

ಮಗುಚಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ನಲವತ್ತು ವರ್ಷದಿಂದ ಇಲ್ಲ ಇಲ್ಲ ಅಂತಲೇ ಎಲ್ಲರಿಗೂ ಹೇಳಿಕೊಂಡು ಬಂದೆ ಟೀಚರ್. ಇತ್ತಲ್ಲ!" ಎಂದರು. ಅವರ ಕಣ್ಣು ತುಂಬಿತ್ತು.

ಆಮೇಲೆ ಆಚಾರ್ಯರ ಕಡೆ ತಿರುಗಿದರು. "ಎರಕದಲ್ಲೇ ಹುಟ್ಟಿ ಬೆಳೆದವರು ನೀವು. ಇದು ಹಳೆಯದೇ ಅಂತ ನೀವೊಂದು ಮಾತು ಹೇಳಿದರೆ ನನಗೆ ಸಾಕು."

ಪಂಪಾವತಿ ಆಚಾರ್ಯರನ್ನೇ ನೋಡಿದಳು.

"ಕಾರು ಅವಳದು. ಅವಳನ್ನೇ ಕೇಳಿ," ಎಂದರು ಆಚಾರ್ಯರು.

ಶೆಣೈ ಅವಳನ್ನು ನೋಡಿದರು. "ಯಾರು ಕೊಟ್ಟದ್ದು ಟೀಚರ್?"

"ಅಪ್ಪ," ಎಂದಳು ಪಂಪಾವತಿ.

ಹೇಳಿ ಮುಗಿಯಿತು. ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಶೆಣೈ ದಪ್ಪ ನೋಟ್‌ಬುಕ್ಕೊಂದನ್ನು ತೊಡೆಯ ಮೇಲೆ ಬಿಚ್ಚಿ ಆ ಪುಟ ಹುಡುಕಿದರು. ಜೇಬಿನಿಂದ ಪೆನ್ನು ತೆಗೆದರು.

ಆಗ ಆಚಾರ್ಯರು ಮೆಲ್ಲಗೆ ಕೇಳಿದರು. "ಕೊಡುವಾಗ ಏನಂದ?"

"ಯಾರು?"

"ನಿಮ್ಮಪ್ಪ. ಇದನ್ನ ಕೈಗೆ ಕೊಡುವಾಗ ಏನಂದ?"

ಪಂಪಾವತಿ ಬಾಯಿ ತೆರೆದಳು.

ಏನಾದರೂ ಹೇಳಬಹುದಿತ್ತು. ತಗೋ ಮಗಳೇ ಅಂದ. ಜೋಪಾನ ಅಂದ. ಏನೂ ಅನ್ನದೆ ನಕ್ಕ. ಯಾವುದನ್ನು ಹೇಳಿದರೂ ಶೆಣೈ ನಂಬುತ್ತಿದ್ದರು.

ಅಪ್ಪನ ದನಿಯಲ್ಲಿ ಅವಳಿಗೆ ಉಳಿದಿದ್ದುದು ಒಂದೇ ಒಂದು ಮಾತು, ತೊಡೆಯ ಮೇಲೆ ಕೂರಿಸಿಕೊಂಡು ಆಡಿದ್ದು. ಅದೂ ವರ್ಷದಿಂದ ವರ್ಷಕ್ಕೆ ಸವೆಯುತ್ತಿತ್ತು. ಅದರ ಪಕ್ಕಕ್ಕೆ ತಾನು ಕಟ್ಟಿದ ಇನ್ನೊಂದು ಮಾತನ್ನು ತಂದಿಟ್ಟರೆ, ನಾಳೆ ಯಾವುದು ಅಪ್ಪನದು, ಯಾವುದು ತನ್ನದು ಎಂದು ತನಗೇ ಗೊತ್ತಾಗುವುದಿಲ್ಲ.

"ಏನೂ ಅನ್ನಲಿಲ್ಲ," ಎಂದಳು. "ಅಪ್ಪ ಕೊಡಲಿಲ್ಲ. ಕೊಡೋಕೆ ಅಪ್ಪ ಇರಲೇ ಇಲ್ಲ. ಇದು ನಾನು ಮಾಡಿದ್ದು, ಇಲ್ಲೇ, ಈ ಕುಲುಮೆಯಲ್ಲೇ. ಆ ಹೆಸರು ನಾನೇ ಕೊರೆದೆ. ಆ ತುಕ್ಕೂ ನನ್ನದೇ."

ಶೆಣೈ ಪೆನ್ನಿಗೆ ಮುಚ್ಚಳ ಹಾಕಿದರು. ನೋಟ್‌ಬುಕ್ಕು ಮುಚ್ಚಿದರು. ಕಾರನ್ನು ಜಗಲಿಯ ಮೇಲೆ, ತಮ್ಮಿಂದ ಒಂದು ಮೊಳ ದೂರ ಇಟ್ಟರು.

"ನನ್ನ ಕೈಯಿಂದ ಪುಸ್ತಕದಲ್ಲಿ ಸುಳ್ಳು ಬರೆಸುತ್ತಿದ್ದಿರಿ," ಎಂದರು.

"ತಪ್ಪಾಯಿತು ಸಾರ್."

"ನಾನೂ ಎಷ್ಟು ಬೇಗ ನಂಬಿಬಿಟ್ಟೆ!" ಎಂದು ಎದ್ದರು. ಕಾಲೆಳೆಯುತ್ತ ಬೇಲಿಯ ಬಾಗಿಲವರೆಗೆ ಹೋದರು. ಪಂಪಾವತಿಗೆ ತಲೆ ಎತ್ತಿ ನೋಡಲಾಗಲಿಲ್ಲ.

ಹೋದವರು ವಾಪಸ್ಸು ಬಂದರು.

"ಆ ಕಾರು ಓಡಿಸಿದ ನಿಮ್ಮಪ್ಪನ ಹೆಸರೇನು?"

"ಹಂಪಣ್ಣ."

"ನನ್ನ ಪಟ್ಟಿಯಲ್ಲಿ ಹೀರೊ ಹೆಸರಷ್ಟೇ ಇತ್ತು," ಎಂದು ಶೆಣೈ ನಿಂತಲ್ಲೇ ನೋಟ್‌ಬುಕ್ಕು ಬಿಚ್ಚಿದರು. 'ಮಾಡಲೇ ಇಲ್ಲ' ಎಂಬ ಸಾಲನ್ನು ಮುಟ್ಟಲಿಲ್ಲ. ಅದರ ಮುಂದೆ ಸಣ್ಣ ಅಕ್ಷರದಲ್ಲಿ ಏನನ್ನೋ ಬರೆದುಕೊಂಡರು. ಮಜ್ಜಿಗೆ ಕುಡಿದು, ಲೋಟವನ್ನು ಬೋರಲು ಹಾಕಿ ಹೊರಟುಹೋದರು.

ಬಿಸಿಲು ಇಳಿಯಿತು. ಪಂಪಾವತಿ ಕೂತಲ್ಲಿಂದ ಏಳಲಿಲ್ಲ.

"ಗುರುಗಳೇ, ನಾನು ಇನ್ನು ಮುಂದೆಯೂ ಬರಬಹುದಾ?"

ಆಚಾರ್ಯರು ಒಳಗಿನಿಂದ ಅರ ತಂದು ಅವಳ ಮುಂದಿಟ್ಟರು.

ಅವಳು ಕಾರನ್ನು ಮಗುಚಿ ತಳವನ್ನು ಉಜ್ಜತೊಡಗಿದಳು. ಕಂಪನಿಯ ಹೆಸರು ಹೋಯಿತು. ಅಪ್ಪ ಸತ್ತ ವರ್ಷ ಹೋಯಿತು. ಸತುವಿನ ಬಿಳಿ ಪುಡಿ ಅವಳ ಸೀರೆಯ ಮಡಿಲಿಗೆ ಉದುರಿತು. ಕೊನೆಗೆ ತಳವೆಲ್ಲ ಬರಿದಾಗಿ ಹೊಳೆಯಿತು.

ಆಚಾರ್ಯರು ಉಳಿ ಕೊಟ್ಟರು. "ಬರಿ."

"ಏನು ಬರೆಯಲಿ?"

"ನಿನಗೆ ಗೊತ್ತಿರೋದನ್ನ."

ಪಂಪಾವತಿ ಯೋಚಿಸಿದಳು. ಎಷ್ಟೋ ಹೊತ್ತು ಯೋಚಿಸಿದಳು. ಆಮೇಲೆ ಒಂದೊಂದೇ ಅಕ್ಷರ ಕೊರೆದಳು. ಈ ಸಲ ಅಕ್ಷರಗಳು ಸ್ವಲ್ಪ ಸೊಟ್ಟಗಾದವು.

ಆಚಾರ್ಯರು ಕಾರನ್ನು ಬೆಳಕಿಗೆ ಹಿಡಿದು ಓದಿದರು. 'ಹಂಪಣ್ಣ ಓಡಿಸಿದ ಕಾರು. ಮಗಳು ಪಂಪಾವತಿ ಎರೆದದ್ದು.'

ಅವಳು ಅವರ ಮುಖವನ್ನೇ ನೋಡುತ್ತಿದ್ದಳು. "ಅಪ್ಪನಿಗೆ ಯಾರೋ ಹಾಗೆ ಹೇಳಿದ್ದರೋ, ಅಥವಾ ನನ್ನನ್ನ ಸಮಾಧಾನ ಮಾಡೋಕೆ ಅಪ್ಪನೇ ಕಟ್ಟಿ ಹೇಳಿದನೋ, ಅದು ಇನ್ನು ಯಾವತ್ತೂ ತಿಳಿಯೋದಿಲ್ಲ ಅಲ್ವಾ ಗುರುಗಳೇ?"

ಆಚಾರ್ಯರು ಕಾರನ್ನು ಅವಳ ಅಂಗೈಯಲ್ಲಿಟ್ಟರು.

ಅವಳು ಅದನ್ನು ಮತ್ತೆ ಮಗುಚಿ ನೋಡಿದಳು. ಬರೆದದ್ದು ಎರಡೇ ಸಾಲು. ಕೆಳಗೆ ಅರ್ಧ ತಳ ಹಾಗೇ ಇತ್ತು.

"ಇಷ್ಟು ಜಾಗ ಖಾಲಿ ಉಳಿಯಿತಲ್ಲ," ಎಂದಳು.

ಆಚಾರ್ಯರು ಹೇಳಿದರು: "ಗೊತ್ತಿಲ್ಲದ್ದು ಅಲ್ಲಿರಲಿ."