ಮೊದಲ ಬಹುಮಾನದ ಮನೆ

ಹಿರೇಮಟ್ಟಿಯ ಅರಸ ವೀರಮಲ್ಲನಾಯಕನ ಓಲಗದಲ್ಲಿ ಅಂದು ನಗರಸಭೆಯ ಹಿರಿಯ ರುದ್ರೋಜಿ ಎದ್ದು ನಿಂತು ಮೀಸೆ ತೀಡಿದ.

"ಪ್ರಭು, ಕೋಟೆಯ ಕೆಲಸಗಾರರಿಗೆ ತಾವು ಕಟ್ಟಿಸಿಕೊಟ್ಟ ಇಪ್ಪತ್ತನಾಲ್ಕು ಮನೆಗಳ ಬೀದಿ ಥಳಥಳ ಹೊಳೆಯುತ್ತಿದೆ. ಹನ್ನೊಂದು ವರ್ಷದಿಂದ ನಮ್ಮ ಸಭೆ ಮೇಲ್ವಿಚಾರಣೆ ಮಾಡುತ್ತಿದೆ. ಒಂದೇ ಒಂದು ಕುಂದು ಕಂಡಿಲ್ಲ. ಕಂಡವರಿದ್ದರೆ ಮುಂದೆ ಬರಲಿ!"

ಯಾರೂ ಬರಲಿಲ್ಲ. ಕುಂದು ಹುಡುಕುವ ಕೆಲಸ ಇದ್ದದ್ದೇ ಸಭೆಯವರಿಗೆ.

ವ್ಯವಸ್ಥೆ ಸರಳವಾಗಿತ್ತು. ಮನೆ ಚೆನ್ನಾಗಿಟ್ಟುಕೊಳ್ಳಲೆಂದು ಅರಮನೆಯಿಂದ ವರ್ಷಕ್ಕೊಮ್ಮೆ ಮನೆಗೆರಡು ಬುಟ್ಟಿ ಸುಣ್ಣ ಬರುತ್ತಿತ್ತು. ಯುಗಾದಿ ಕಳೆದ ಮೇಲೆ ಸಭೆಯ ಏಳು ಜನ ಪಲ್ಲಕ್ಕಿಯಲ್ಲಿ ಕೂತು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ನೋಡುತ್ತಿದ್ದರು. ಯಾರ ಮುಂಗೋಡೆ ಎಲ್ಲಕ್ಕಿಂತ ಬೆಳ್ಳಗಿದೆಯೋ ಅವರಿಗೆ ಜರಿ ಶಾಲು, ಮೇಲೆ ಮನೆಗಂದಾಯ ಮಾಫಿ. ಮುಂಗೋಡೆಗೆ ಸುಣ್ಣ ಬಳಿಯದವರು ಮನೆ ಬಿಡಬೇಕು. ಪಲ್ಲಕ್ಕಿಯಿಂದ ಇಳಿದು ಒಳಗೆ ಹೋಗುವ ಪದ್ಧತಿ ಇರಲಿಲ್ಲ. ಇಳಿದರೆ ಸಭೆಯ ಗೌರವಕ್ಕೆ ಕಡಿಮೆ ಎಂದು ಸಭೆಯೇ ತೀರ್ಮಾನಿಸಿತ್ತು.

"ಈ ವರ್ಷದ ಮೊದಲ ಬಹುಮಾನ ಕೋಟೆ ಕಾವಲುಗಾರ ಓಬಳೇಶನಿಗೆ," ಎಂದ ರುದ್ರೋಜಿ. "ಪೊರಕೆ ಕಟ್ಟುವ ದೊಡ್ಡೀರಮ್ಮ ಮಾತ್ರ ಮುಂಗೋಡೆಗೆ ಒಂದು ಬೆರಳು ಸುಣ್ಣವನ್ನೂ ಮುಟ್ಟಿಸಿಲ್ಲ. ಶುಕ್ರವಾರ ಅವಳ ಮನೆ ಬಿಡಿಸಬೇಕು. ಪ್ರಭುಗಳು ಮುದ್ರೆ ಒತ್ತಬೇಕು."

ಅರಸನ ಕೈ ಮುದ್ರೆಯ ಕಡೆ ಹೋಯಿತು. ಆಗ ಆಸ್ಥಾನದ ವಿದೂಷಕ ಪದುಮಯ್ಯ ಕೆಮ್ಮಿದ. ಪದುಮಯ್ಯ ಕೆಮ್ಮಿದರೆ ಅರಸ ಮುದ್ರೆ ಕೆಳಗಿಡುತ್ತಿದ್ದ. ಹಿಂದೆ ಎರಡು ಸಲ ಇಡದೆ ಪೇಚಿಗೆ ಸಿಕ್ಕಿದ್ದ.

"ಎರಡು ದಿನ ತಡೆಯಬೇಕು ಪ್ರಭು. ಮುದುಕಿಯನ್ನು ಒಂದು ಮಾತು ಕೇಳಿ ಬರುತ್ತೇನೆ."

ದೊಡ್ಡೀರಮ್ಮ ಜಗಲಿಯ ಮೇಲೆ ಕೂತು ಹಂಚಿಕಡ್ಡಿ ಜೋಡಿಸುತ್ತಿದ್ದಳು.

"ಕೊಟ್ಟ ಸುಣ್ಣ ಏನು ಮಾಡಿದೆಯಮ್ಮ?"

"ಮಾಳಿಗೆ ಸೋರ್ತಿತ್ತು ಬುದ್ಧಿ. ವರ್ಷಾ ವರ್ಷಾ ಅರ್ಧ ಗಾರೆ ಅರೆದು ಮೇಲಕ್ಕೆ ಬಡೀತಿದ್ದೆ, ಈ ಸಲ ಅಷ್ಟೂ ಮೇಲಕ್ಕೇ ಬೇಕಾಯ್ತು."

"ಮುಂಗೋಡೆಗೆ ಬಳಿಯಬಾರದಿತ್ತೆ?"

"ನಾನೇನು ಗ್ವಾಡೆ ಮೇಲೆ ಮಲಗ್ತೀನಾ ಬುದ್ಧಿ?" ಎಂದವಳು ಕಣ್ಣೊರೆಸಿಕೊಂಡಳು. "ಈ ವಯಸ್ಸಲ್ಲಿ ಹೊರಗಾಕಿದ್ರೆ ಎಲ್ಲಿಗೋಗ್ಲಿ?"

ಪದುಮಯ್ಯ ಬಗ್ಗಿ ಒಳಗೆ ನೋಡಿದ. ಮಾಳಿಗೆ ಗಟ್ಟಿಯಾಗಿತ್ತು. ಗೋಡೆಗೆ ಸುತ್ತಿಟ್ಟ ಚಾಪೆಗಳು ಸಾಲಾಗಿ ಒರಗಿದ್ದವು, ಎಣಿಸಿದರೆ ಇಪ್ಪತ್ತು. ದೊಡ್ಡೀರಮ್ಮನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಇಷ್ಟು ಚಾಪೆ ಯಾಕೆಂದು ಅವನು ಕೇಳಿದ, ಅವಳು ಹೇಳಿದಳು. ಪದುಮಯ್ಯನಿಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಆದರೂ ಮರುದಿನ ಓಲಗಕ್ಕೆ ನಗುಮುಖದಿಂದಲೇ ಹೋದ.

"ರುದ್ರೋಜಿಯವರು ಹೇಳಿದ್ದು ಸುಳ್ಳಲ್ಲ ಪ್ರಭು. ಮೊದಲ ಬಹುಮಾನದ ಮನೆಯಂಥ ಮನೆಯನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ಶಾಲನ್ನು ಆ ಮನೆಯೊಳಗೇ ತಮ್ಮ ಕೈಯಿಂದ ಹೊದಿಸಿದರೆ ಸಭೆಗೂ ಕೀರ್ತಿ."

ರುದ್ರೋಜಿ ಉಬ್ಬಿಹೋದ. "ಆಗಲಿ! ಅಂದಿನ ನಮ್ಮ ಊಟವೂ ಅಲ್ಲೇ ಆಗಲಿ!"

ಗುರುವಾರ ಮಧ್ಯಾಹ್ನ ಎಲ್ಲರೂ ಹೋದರು. ಓಬಳೇಶನ ಮುಂಗೋಡೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು, ಅಂಚಿಗೆ ಕೆಮ್ಮಣ್ಣಿನ ಪಟ್ಟೆ ಬೇರೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿ ಓಬಳೇಶ ಪಕ್ಕದಲ್ಲಿ ಬೆವರುತ್ತ ನಿಂತಿದ್ದ.

ಅರಸ ತಲೆ ಬಗ್ಗಿಸಿ ಬಾಗಿಲು ದಾಟಿದ, ಆಮೇಲೆ ತಲೆಯೆತ್ತಿದ. ನೆತ್ತಿಯ ಮೇಲೆ ಸೂರ್ಯನಿದ್ದ.

ಮುಂಗೋಡೆಯ ಹಿಂದೆ ಮನೆ ಇರಲಿಲ್ಲ. ಕುಸಿದ ಮಣ್ಣಿನ ಗುಡ್ಡೆ, ಅದರ ಮೇಲೊಂದು ಎಕ್ಕದ ಗಿಡ, ಬುಡದಲ್ಲೊಂದು ಮೇಕೆ. ಮೇಕೆ ಅರಸನನ್ನು ಒಮ್ಮೆ ನೋಡಿ ಮತ್ತೆ ಮೇಯತೊಡಗಿತು.

"ಮಾಳಿಗೆ ಎಲ್ಲಯ್ಯಾ?" ಎಂದ ಅರಸ.

"ಮೂರ್ ವರ್ಷದ ಹಿಂದ್ಲ ಮಳೆಗೆ ಕೂತ್ಕಂತು ಮಹಾಸ್ವಾಮಿ," ಎಂದ ಓಬಳೇಶ.

"ಕೊಟ್ಟ ಸುಣ್ಣ?"

"ಎಲ್ಲಾ ಮುಂಗ್ವಾಡೆಗೇ ಹಾಕ್ದೆ. ಹಾಕ್ದಿದ್ರೆ ಮನೆ ಬಿಡಿಸ್ತಾರಲ್ಲ ಮಹಾಸ್ವಾಮಿ."

"ಮತ್ತೆ ನೀವೆಲ್ಲ ಮಲಗುವುದೆಲ್ಲಿ?"

ಓಬಳೇಶ ಎದುರಿನ ಸುಣ್ಣವಿಲ್ಲದ ಮನೆಯ ಕಡೆ ಕೈ ತೋರಿಸಿದ. "ದೊಡ್ಡೀರಮ್ಮನ ಮನೇಲಿ. ನಮ್ಮಂಗೆ ಇನ್ನೂ ಮೂರು ಮನೆಯೋರು ಅಲ್ಲೇ ಅವ್ರೆ."

"ನಾಳೆ ಬಿಡಿಸಬೇಕಾದ ಆ ಮನೆಯೊಳಗೇ?" ಎಂದ ಅರಸ.

"ಹೌದು ಪ್ರಭು," ಎಂದ ಪದುಮಯ್ಯ. "ಹೋದ ವರ್ಷದ ಮೊದಲ ಬಹುಮಾನದವರು ಅಲ್ಲೇ ಇದ್ದಾರೆ. ಅದರ ಹಿಂದಿನ ವರ್ಷದವರೂ ಅಲ್ಲೇ."

ಅರಸನ ಮುಖ ಕೆಂಪಾಯಿತು. "ರುದ್ರೋಜಿ! ಈಗಲೇ ನಿನ್ನನ್ನೂ ನಿನ್ನ ಸಭೆಯನ್ನೂ ಊರು ಬಿಡಿಸುತ್ತೇನೆ!"

"ಬೇಡ ಪ್ರಭು," ಎಂದ ಪದುಮಯ್ಯ. "ಹನ್ನೊಂದು ವರ್ಷ ಪಲ್ಲಕ್ಕಿಯಲ್ಲಿ ಕೂತು ದಣಿದವರು. ನಾಳೆಯಿಂದ ನಗರಸಭೆ ಈ ಮನೆಯಲ್ಲೇ ಸೇರಲಿ. ಅವರೇ ಆರಿಸಿದ ಮೊದಲ ಬಹುಮಾನದ ಮನೆ. ಒಂದು ಕುಂದೂ ಇಲ್ಲ."

"ಇಲ್ಲಿ ಹೇಗೆ ಸೇರುವುದು?" ರುದ್ರೋಜಿ ಕೂಗಿಬಿಟ್ಟ. "ಮಾಳಿಗೆಯೇ ಇಲ್ಲವಲ್ಲ!"

ಪದುಮಯ್ಯ ಕರಣಿಕನ ಕಡೆ ತಿರುಗಿದ. "ಬರೆದುಕೊಳ್ಳಿ ಸ್ವಾಮಿ. ಹನ್ನೊಂದು ವರ್ಷದಲ್ಲಿ ಸಭೆ ಕಂಡುಹಿಡಿದ ಮೊದಲ ಕುಂದು."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಬೀದಿಯ ಇಪ್ಪತ್ತನಾಲ್ಕು ಮಾಳಿಗೆಗಳೂ ಗಟ್ಟಿಯಾಗುವವರೆಗೆ ಸಭೆ ಅಲ್ಲೇ ಸೇರಬೇಕು, ಓಬಳೇಶನ ಮಾಳಿಗೆ ಕೊನೆಯದಾಗಿರಬೇಕು ಎಂದು ಅಪ್ಪಣೆಯಾಯಿತು. ಮಳೆಗಾಲಕ್ಕೆ ಇನ್ನು ಮೂರು ವಾರವಿತ್ತು. ಹದಿನೆಂಟೇ ದಿನದಲ್ಲಿ ಕೆಲಸ ಮುಗಿಯಿತು. ರುದ್ರೋಜಿ ತಾನೇ ಗಾರೆ ಹೊತ್ತನಂತೆ.

ದೊಡ್ಡೀರಮ್ಮನ ಮನೆ ಅವಳಿಗೇ ಉಳಿಯಿತು. ಜರಿ ಶಾಲನ್ನು ಅರಸ ಅವಳ ಕೈಗಿಟ್ಟಾಗ ಅವಳು ಹೊದೆಯಲಿಲ್ಲ. ಮೊದಲು ತಿರುಗಿಸಿ ಅದರ ಒಳಮೈ ನೋಡಿದಳು.